ಅವರು ಬರೆದಿಟ್ಟ ಮೂರು ಕಡಲೂರುಗಳು

ಸೆಪ್ಟೆಂಬರ್ 8, ಸಂಜೆ ಆರೂವರೆ

ಪಾಪು,

ಇವತ್ತು ನೂರ ಹತ್ತು ಬ್ಯಾಗಿಗೆ ಪಟ್ಟಿ ಹೊಲಿದೆ. ಮಧ್ಯಾಹ್ನ ಒಂದು ಗಂಟೆ ಕರೆಂಟ್ ಇರಲಿಲ್ಲ. ಎಲ್ಲರೂ ಮೆಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ನಾನು ಕಿಟಕಿಯಿಂದ ಎದುರಿನ ಗೋದಾಮಿನ ಬಾಗಿಲು ನೋಡುತ್ತಾ ಕೂತಿದ್ದೆ. ಇಷ್ಟೇ ಇವತ್ತಿನ ದಿನ.

ಕಾಗದ ನೋಡಿ ಹೆದರಬೇಡ. ಯಾರಿಗೂ ಏನೂ ಆಗಿಲ್ಲ, ನಿನ್ನ ಅಮ್ಮ ಚೆನ್ನಾಗಿದ್ದಾರೆ. ಫೋನ್ ಮಾಡೋಣವೆಂದರೆ ನಮ್ಮದು ಎರಡು ಕೋಣೆಯ ಮನೆ. ಇಲ್ಲಿ ಕೆಮ್ಮಿದರೆ ಅತ್ತೆ ಅಲ್ಲಿಂದಲೇ "ನೀರು ಕುಡಿಯೇ" ಅನ್ನುತ್ತಾರೆ. ಅನ್ನುತ್ತಿದ್ದರು. ನೀನೂ ಕಾರ್ಖಾನೆಯ ವಿಳಾಸಕ್ಕೇ ಬರೆ.

ನಿನ್ನೆ ನಿನ್ನ ಅಣ್ಣನ ಕೆಲಸದ ಚೀಲ ತೆಗೆದೆ. ಅವರು ಹೋಗಿ ಎಂಟು ತಿಂಗಳಾದ ಮೇಲೆ ಈಗ ಅದನ್ನು ಮುಟ್ಟಲು ಕೈ ಬಂತು. ಲಿಫ್ಟ್ ರಿಪೇರಿಯ ಸ್ಪ್ಯಾನರುಗಳ ಕೆಳಗೆ ಗ್ರೀಸು ಹತ್ತಿದ ಒಂದು ಕ್ಯಾಲೆಂಡರ್ ಹಾಳೆ. ಅದರ ಹಿಂದೆ ಅವರ ಅಕ್ಷರ. ಮದುವೆಯಾಗಿ ಹತ್ತು ವರ್ಷಕ್ಕೆ ನನ್ನನ್ನು ಕರೆದುಕೊಂಡು ಹೋಗಬೇಕೆಂದಿದ್ದ ಊರುಗಳು. ಇದ್ದ ಹಾಗೇ ಬರೆಯುತ್ತೇನೆ.

"ದೀಪಸ್ತಂಭದ ಊರು. ಅಲೆ ಸೊಂಟದೆತ್ತರ, ಕೆಳಗೆ ಮರಳು, ಕಲ್ಲಿಲ್ಲ. ಇವಳಿಗೆ ಕೂರಲು ಕಟ್ಟೆ ಇದೆ.

ಹೊಳೆ ಸೇರುವ ಊರು. ಬೆಳಗ್ಗೆ ಒಂಬತ್ತರ ಒಳಗೆ ಮಾತ್ರ ಇಳಿಯಬೇಕು. ಇವಳಿಗೆ ನೆರಳಿಲ್ಲ, ಛತ್ರಿ.

ಕೊನೆಯದು ಊರಲ್ಲ, ಒಂದು ಬೀದಿ, ನಾಲ್ಕು ಅಂಗಡಿ. ಇಲ್ಲಿ ಇವಳನ್ನು ಹಲಗೆಯ ಮೇಲೆ ಕೂರಿಸುವುದು. ಹೆದರಿದರೆ ಬಲವಂತ ಬೇಡ."

ಪಾಪು, ಈ ಮೂರು ಊರಿಗೆ ನನ್ನನ್ನು ಕರೆದುಕೊಂಡು ಹೋಗು. ಡಿಸೆಂಬರಿನಲ್ಲಿ ನನಗೆ ಎಂಟು ದಿನ ರಜೆ ಇದೆ. ಯಾವ ಅಲೆ, ಎಲ್ಲಿ ಉಳಿಯುವುದು, ಹಲಗೆ ಹೇಗೆ ಸಾಗಿಸುವುದು, ಎಲ್ಲ ನಿನಗೆ ಗೊತ್ತು. ಸರ್ಫಿಂಗ್ ಹಲಗೆ ರಿಪೇರಿ ಮಾಡುವವನಿಗೆ ಗೊತ್ತಿಲ್ಲದ ಕಡಲ ತೀರ ಇರುತ್ತದೆಯೇ?

ಹೋಗಿ ಏನು ಮಾಡುತ್ತೀರಿ ಅಂತ ಕೇಳಬೇಡ. ಸೊಂಟದೆತ್ತರದ ಅಲೆ ಎಷ್ಟಿರುತ್ತದೆ ಅಂತ ನನ್ನ ಕಣ್ಣಿನಿಂದ ನೋಡಬೇಕು. ಆವತ್ತೂ ಅಲೆ ಅಷ್ಟೇ ಇತ್ತಂತೆ. ಇಪ್ಪತ್ತು ವರ್ಷ ಸರ್ಫಿಂಗ್ ಮಾಡಿದವರು ಅಂಥದ್ದರಲ್ಲಿ ಹೇಗೆ ಹೋದರು? ನೀನು ಆವತ್ತು "ಅಣ್ಣ ಕಾಲಿಗೆ ಹಲಗೆಯ ಹಗ್ಗ ಕಟ್ಕೊಂಡಿರ್ಲಿಲ್ಲ" ಅಂದೆ. ಅವರು ಗ್ಯಾಸಿನ ಗುಂಡಿಯನ್ನು ಮೂರು ಸಲ ತಿರುಗಿಸಿ ನೋಡುವವರು. ಲಿಫ್ಟಿನ ಹಗ್ಗ ಎಳೆದು ನೋಡದೆ ಯಾರನ್ನೂ ಹತ್ತಿಸದವರು. ಯಾಕೆ ಕಟ್ಟಿಕೊಳ್ಳಲಿಲ್ಲ ಅಂತ ನೀನು ಯೋಚಿಸಿದ್ದೀಯಾ?

ನಾಳೆ ಶನಿವಾರ, ಅರ್ಧ ದಿನದ ಕೆಲಸ.

ಅತ್ತಿಗೆ

*

ಸೆಪ್ಟೆಂಬರ್ 19

ಅತ್ತಿಗೆ,

ಹೆದರಬೇಡ ಅಂತ ಬರೆದಿದ್ದೀರಿ, ಅದನ್ನು ಓದುವ ಮುಂಚೆಯೇ ಹೆದರಿಯಾಗಿತ್ತು. ಪೋಸ್ಟ್‌ಮ್ಯಾನ್ ನನ್ನ ಷೆಡ್ಡಿನ ಮುಂದೆ ಸೈಕಲ್ ನಿಲ್ಲಿಸಿ "ನಿಂಗೂ ಕಾಗದ ಬರೆಯೋರು ಇದಾರೇನಪ್ಪಾ?" ಅಂದ. "ಯಾಕೆ, ನಾನೇನು ಅನಾಥನಾ?" ಅಂದೆ.

ಖಂಡಿತ ಹೋಗೋಣ. ಡಿಸೆಂಬರ್ ಹದಿನೈದರ ಮೇಲೆ ಸಮುದ್ರ ಸಾಧುವಾಗುತ್ತದೆ. ದೀಪಸ್ತಂಭದ ಊರಿನಲ್ಲಿ ನನಗೆ ಗೊತ್ತಿರುವ ಒಂದು ವಸತಿಗೃಹ ಇದೆ. ಅದರ ಯಜಮಾನಿ ಬಾಗಿಲಲ್ಲೇ ಬಕೆಟ್ ಇಟ್ಟುಕೊಂಡು ಕೂತಿರುತ್ತಾಳೆ. "ಕಾಲು ತೊಳೀದೆ ಮರಳು ತಂದ್ರೆ ಬಾಡಿಗೆ ಡಬಲ್" ಅನ್ನುತ್ತಾಳೆ, ಆದರೆ ತಗೊಳ್ಳುವುದಿಲ್ಲ. ನಿಮಗೆ ಮೇಲಿನ ಕೋಣೆ, ನನಗೆ ಕೆಳಗಿನದು. ಅಲ್ಲಿ ಮೂರು ದಿನ. ಹೊಳೆ ಸೇರುವ ಊರಿಗೆ ಬಸ್ಸಿನಲ್ಲಿ ಒಂದು ಗಂಟೆ. ಹಲಗೆ ಬಸ್ಸಿನ ಮೇಲೆ ಹಾಕುತ್ತಾರೆ, ಕಂಡಕ್ಟರ್ ಗೊಣಗುತ್ತಾನೆ, ಅದು ಅವನ ಕೆಲಸ. ಕೊನೆಯ ಊರಿಗೆ ಆಟೋದಲ್ಲಿ ಹೋಗಬೇಕು. ಹಲಗೆಯ ಅರ್ಧ ಹೊರಗಿರುತ್ತದೆ, ನೀವು ಬಾಲ ಹಿಡಿದುಕೊಳ್ಳಬೇಕು.

ನಿಮಗೆ ಒಂಬತ್ತು ಅಡಿಯ ಮೆತ್ತನೆಯ ಹಲಗೆ ಇಟ್ಟಿದ್ದೇನೆ. ಷೆಡ್ಡಿನಲ್ಲಿ ಅದನ್ನು ಸೋಫಾ ಅಂತ ಕರೆಯುತ್ತೇವೆ. ಅದರ ಮೇಲಿಂದ ಬೀಳಬೇಕಾದರೆ ಕಷ್ಟಪಡಬೇಕು. ಮೊದಲ ದಿನ ಮೊಣಕಾಲಷ್ಟು ನೀರಿನಲ್ಲಿ ಹೊಟ್ಟೆಯ ಮೇಲೆ ಮಲಗುವುದು ಅಷ್ಟೇ. ಎದ್ದು ನಿಲ್ಲುವ ಯೋಚನೆ ಬೇಡ.

ಆವತ್ತಿನ ವಿಷಯ ಬಿಟ್ಟುಬಿಡಿ ಅತ್ತಿಗೆ. ಸಮುದ್ರ ಅಂದ ಮೇಲೆ ಸಮುದ್ರ.

ಅಮ್ಮನಿಗೆ ನಮಸ್ಕಾರ ಹೇಳಿ. ನಾಳೆ ಮೂರು ಹಲಗೆ ಕೊಡುವುದಿದೆ.

ಪಾಪು

*

ಸೆಪ್ಟೆಂಬರ್ 27, ಸಂಜೆ ಏಳು

ಪಾಪು,

ಈಜುಕೊಳದಲ್ಲಿ ಗುರುವಾರ ಹೆಂಗಸರ ಸಮಯವಂತೆ. ಎರಡು ವಾರದಿಂದ ಹೋಗುತ್ತಿದ್ದೇನೆ. ಕಲಿಸುವ ಹುಡುಗಿಗೆ ನನ್ನ ಅರ್ಧ ವಯಸ್ಸು. ನಾನು ಕೈ ಬಡಿಯುವುದು ನೋಡಿ "ಆಂಟಿ, ನೀರು ನಿಮಗೇನು ಮಾಡ್ತು? ಯಾಕೆ ಹೊಡೀತೀರಿ? ಹೊಟ್ಟೆ ಮೇಲೆತ್ತಿ, ಸುಮ್ನೆ ಮಲಕ್ಕೊಳ್ಳಿ" ಅಂದಳು. ನೀರು ನನಗೇನು ಮಾಡಿತು ಅಂತ ಅವಳಿಗೆ ಹೇಳಲಿಲ್ಲ. ಕಳೆದ ವಾರ ಹತ್ತು ಎಣಿಸುವಷ್ಟು ಹೊತ್ತು ತೇಲಿದೆ. ಕಿವಿ ನೀರಿನೊಳಗೆ ಇದ್ದಾಗ ಹೊರಗಿನ ಮಾತು ಯಾವುದೂ ಕೇಳಲಿಲ್ಲ. ಚೆನ್ನಾಗಿತ್ತು. ಯಾಕೋ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿನ್ನ ಸೋಫಾ ಓದಿ ನಗು ಬಂತು. ಪಕ್ಕದ ಮೆಷಿನ್ನಿನವಳು ತಿರುಗಿ ನೋಡಿದಳು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಇನ್ನೊಂದು ರೀತಿಯಲ್ಲಿ ಕೇಳುತ್ತೇನೆ. ಹನ್ನೆರಡು ವರ್ಷ ಪಟ್ಟಿ ಹೊಲಿದಿದ್ದೇನೆ. ವಾಪಸ್ ಬಂದ ಬ್ಯಾಗನ್ನು ಮೇಸ್ತ್ರಿ ನನ್ನ ಮುಂದೆ ಹಾಕುತ್ತಾರೆ. ಪಟ್ಟಿ ಸವೆದು ಹೋಯಿತೋ, ಕತ್ತರಿ ಬಿತ್ತೋ, ಭಾರಕ್ಕೆ ಕಿತ್ತಿತೋ, ಯಾರಾದರೂ ಕೈಯಿಂದ ಬಿಚ್ಚಿದರೋ, ನೋಡಿ ಹೇಳುತ್ತೇನೆ. ಇಲ್ಲಿಯವರೆಗೆ ತಪ್ಪಾಗಿಲ್ಲ. ಅವರ ಕಾಲಿನ ಹಗ್ಗ ಎಲ್ಲಿದೆ? ಅದನ್ನು ನನಗೆ ಕಳಿಸು.

ನಾಳೆ ಮತ್ತೆ ಈಜು ಇದೆ.

ಅತ್ತಿಗೆ

*

ಅಕ್ಟೋಬರ್ 25

ಅತ್ತಿಗೆ,

ತಡವಾಯಿತು, ಕೆಲಸ ಜಾಸ್ತಿ. ಬಸ್ಸಿನ ಸಮಯ ವಿಚಾರಿಸಿದೆ. ನಿಮ್ಮ ಕಡೆಯಿಂದ ಬೆಳಗ್ಗೆ ಆರೂ ಹತ್ತಕ್ಕೆ ಒಂದಿದೆ, ಮಧ್ಯಾಹ್ನ ಎರಡಕ್ಕೆ ಇಲ್ಲಿಗೆ ಬರುತ್ತದೆ. ಇಲ್ಲಿಂದ ದೀಪಸ್ತಂಭದ ಊರಿಗೆ ಮೂರಕ್ಕೆ, ನಾಲ್ಕೂವರೆಗೆ, ಆರಕ್ಕೆ. ಹೊಳೆ ಸೇರುವ ಊರಿನ ರಸ್ತೆ ಅಗೆದಿದ್ದಾರೆ. ವಸತಿಗೃಹದ ಯಜಮಾನಿ ಮೇಲಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಳೆ, ವಾಸನೆ ಇರಬಹುದು. ಕೊನೆಯ ಊರಿನಲ್ಲಿ ಎರಡು ಅಂಗಡಿ ಮುಚ್ಚಿವೆಯಂತೆ. ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ಹೇಗೆ? ಅವಸರವೇನೂ ಇಲ್ಲವಲ್ಲ.

ಹಗ್ಗ ನನ್ನ ಹತ್ತಿರ ಇಲ್ಲ. ಆ ಗಲಾಟೆಯಲ್ಲಿ ಯಾರು ತಗೊಂಡರೋ. ಪೊಲೀಸರ ಹತ್ತಿರ ಇರಬಹುದು.

ನಿಮಗೆ ಯಾರಾದರೂ ಏನಾದರೂ ಹೇಳಿದರಾ?

ಪಾಪು

*

ನವೆಂಬರ್ 2, ಸಂಜೆ ಆರು

ಪಾಪು,

ಇವತ್ತು ಈಜಿಗೆ ಹೋಗಲಿಲ್ಲ. ಕಾರ್ಖಾನೆಯಿಂದ ಬಂದು ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಅತ್ತೆ ಇದ್ದಾರೆ.

ಯಾರಾದರೂ ಏನಾದರೂ ಹೇಳಿದರಾ ಅಂತ ಕೇಳಿದ್ದೀಯ. ನಿನಗೆ ಯಾರು ಹೇಳಿದರು ಅಂತ ನನಗೆ ಗೊತ್ತಾಯಿತು. ಅತ್ತೆ ಹೇಳಿರುತ್ತಾರೆ. ಅದಕ್ಕೇ ಮೊದಲ ಕಾಗದದಲ್ಲಿ ಅಷ್ಟು ಪ್ರೀತಿ, ಈಗ ಬರೀ ಬಸ್ಸಿನ ಸಮಯ. ನನ್ನ ಜೊತೆ ಒಂದೇ ದಾರಿಯಲ್ಲಿ ನಡೆಯಲು ನಿನಗೆ ಮನಸ್ಸಿಲ್ಲ. ತಪ್ಪು ನಿನ್ನದಲ್ಲ. ಆದರೂ ನನ್ನ ಬಾಯಿಂದಲೇ ಒಂದು ಸಲ ಕೇಳು.

ಆವತ್ತು ನಿನ್ನಲ್ಲಿಗೆ ಹೊರಟು ನಿಂತಾಗ ಅವರು "ನೀನೂ ಬಾರೇ ಈ ಸಲ" ಅಂದರು. ನಾನು ರಟ್ಟಿನ ಡಬ್ಬಗಳಿಗೆ ಬ್ಯಾಗಿನ ಮಾದರಿ ತುಂಬುತ್ತಿದ್ದೆ, ಮೇಸ್ತ್ರಿ ಮನೆಗೆ ಕೆಲಸ ಕಳಿಸಿದ್ದರು. "ಹತ್ತು ವರ್ಷದಿಂದ ನಿಮ್ಮ ರಜೆ ಅಂದ್ರೆ ಸಮುದ್ರ, ತಮ್ಮ, ಹಲಗೆ. ನಾನೇನು ಈ ಮನೆ ಕಾವಲಿಗಿದೀನಾ? ಹೋಗಿ. ಹೋದೋರು ಅಲ್ಲೇ ಇದ್ಬಿಡಿ. ಬರೋದೇ ಬೇಡ" ಅಂದೆ. ಅವರು ಬಾಗಿಲಲ್ಲಿ ಬಗ್ಗಿ ಷೂ ಲೇಸು ಕಟ್ಟುತ್ತಿದ್ದರು. "ಆಯ್ತಮ್ಮ" ಅಂದರು. ಅಷ್ಟೇ. ಇಳಿದು ಹೋದರು.

ಅತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದರು. ನಾಲ್ಕನೇ ದಿನ ನಿನ್ನ ಫೋನ್ ಬಂತು. ಆಗ ಅತ್ತೆ ನನ್ನ ಕಡೆ ತಿರುಗಿ "ನೀನು ಹೇಳಿದ ಹಾಗೇ ಆಯ್ತಲ್ಲಮ್ಮ" ಅಂದರು. ಅವರು ನನ್ನ ಮುಖ ನೋಡಿ ಆಡಿದ ಕೊನೆಯ ಮಾತು ಅದು. ಈಗ ಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾರೆ. "ಹಾಲು ಮುಗ್ದಿದೆ." "ಯಾರೋ ಬಾಗಿಲು ತಟ್ತಿದಾರೆ." ನಾನು ಹಾಲು ತರುತ್ತೇನೆ, ಬಾಗಿಲು ತೆಗೆಯುತ್ತೇನೆ. ಹತ್ತು ತಿಂಗಳಾಯಿತು.

ಹಗ್ಗ ಕಟ್ಟಿರಲಿಲ್ಲ ಅಂತ ನೀನು ಹೇಳಿದ ದಿನದಿಂದ ನನಗೆ ಒಂದೇ ಯೋಚನೆ. ಅವರು ಮರೆಯುವವರಲ್ಲ. ಮರೆಯದಿದ್ದರೆ, ಬೇಕೆಂದೇ ಬಿಟ್ಟರು. ನಾನು ಹೇಳಿದ್ದಕ್ಕೆ ಆಯ್ತು ಅಂದರು, ಅದರಂತೆ ನಡೆದುಕೊಂಡರು. ಊರುಗಳ ಪಟ್ಟಿ ಸಿಕ್ಕಿದ ಮೇಲೆ ಇನ್ನೂ ಕಷ್ಟವಾಗಿದೆ. ನನಗೆ ಕೂರಲು ಕಟ್ಟೆ ಹುಡುಕಿಟ್ಟವರಿಗೆ ನಾನು ಆಡಿದ ಮಾತು ಅದು.

ಆವತ್ತು ಅವರ ಮುಖ ನೋಡಿದವನು ನೀನು. ನನಗೆ ಇದೊಂದನ್ನು ಹೇಳು. ಅವರೇ ಹಗ್ಗ ಬಿಚ್ಚಿದರಾ? ಹೌದು ಅಂದರೂ ತಡೆದುಕೊಳ್ಳುತ್ತೇನೆ. ಇದು ಗೊತ್ತಿಲ್ಲದೆ ತಡೆದುಕೊಳ್ಳಲು ಆಗುತ್ತಿಲ್ಲ.

ಡಿಸೆಂಬರ್ ಹದಿನೈದರ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ನೀನು ಬರದಿದ್ದರೆ ಒಬ್ಬಳೇ ಹೋಗುತ್ತೇನೆ. ನಾಳೆ ರಜೆ ಚೀಟಿ ಕೊಡುತ್ತೇನೆ.

ಅತ್ತಿಗೆ

*

ನವೆಂಬರ್ 20, ಮಧ್ಯಾಹ್ನ, ಊಟದ ಬಿಡುವು

ಪಾಪು,

ಹದಿನೆಂಟು ದಿನವಾಯಿತು. ಕಾರ್ಖಾನೆಯ ಗೇಟಿನವರು ನಾನು ಕೇಳುವ ಮುಂಚೆಯೇ "ಇವತ್ತೂ ಇಲ್ಲಮ್ಮ" ಅನ್ನುತ್ತಾರೆ.

ನೀನು ಬರೆಯದೆ ಇರುವುದನ್ನೇ ಉತ್ತರ ಅಂದುಕೊಳ್ಳುವುದಾದರೆ ಹೇಳು, ಅಂದುಕೊಳ್ಳುತ್ತೇನೆ.

ನಾಳೆಯಿಂದ ಒಂದು ವಾರ ಎರಡು ಪಾಳಿ.

ಅತ್ತಿಗೆ

*

ಡಿಸೆಂಬರ್ 3

ಅತ್ತಿಗೆ,

ಅಣ್ಣ ಬಿಚ್ಚಲಿಲ್ಲ. ಅವನ ಕಾಲಲ್ಲಿ ಹಗ್ಗ ಇತ್ತು. ಮೊದಲು ಇದನ್ನು ಓದಿ. ಉಳಿದದ್ದನ್ನು ಆಮೇಲೆ ಬೇಕಾದರೆ ಓದಿ.

ನೀವು ಹಗ್ಗ ಕೇಳಿದಾಗ ನಿಮಗೆ ನನ್ನ ಮೇಲೆ ಅನುಮಾನ ಬಂದಿದೆ ಅಂದುಕೊಂಡೆ. ನಿಮ್ಮ ಮೇಲೇ ನಿಮಗೆ ಅನುಮಾನ ಇದೆ ಅಂತ ನನ್ನ ತಲೆಗೆ ಹೋಗಲೇ ಇಲ್ಲ. ಅಮ್ಮ ನನಗೆ ಏನೂ ಹೇಳಿಲ್ಲ. ನಿಮ್ಮ ಜಗಳದ ವಿಷಯ ನಿಮ್ಮ ಕಾಗದದಿಂದಲೇ ಗೊತ್ತಾದದ್ದು.

ಕಾಲಿನ ಹಗ್ಗದ ಒಂದು ತುದಿಯಲ್ಲಿ ಪಟ್ಟಿ ಇರುತ್ತದೆ, ಅದನ್ನು ಕಾಲಿಗೆ ಸುತ್ತಿಕೊಳ್ಳುವುದು. ಇನ್ನೊಂದು ತುದಿ ಹಲಗೆಯ ಬಾಲದಲ್ಲಿರುವ ಗಿಡ್ಡ ದಾರಕ್ಕೆ ಸೇರುತ್ತದೆ. ಆ ದಾರ ಗಟ್ಟಿ ಇದ್ದರೆ ಬಿದ್ದರೂ ಹಲಗೆ ನಮ್ಮ ಜೊತೆಯೇ ಇರುತ್ತದೆ. ರಿಪೇರಿಗೆ ಬಂದ ಹಲಗೆಯಿಂದ ನಾನು ಆ ಗಟ್ಟಿ ದಾರ ತೆಗೆದುಬಿಡುತ್ತೇನೆ. ಅದರ ಜಾಗದಲ್ಲಿ ತೆಳ್ಳನೆಯ ಕೆಂಪು ದಾರ ಕಟ್ಟಿ ಒಣಗಲು ತೂಗುಹಾಕುತ್ತೇನೆ. ಕೆಂಪು ಅಂದರೆ ಕೆಲಸ ಮುಗಿದಿಲ್ಲ, ನೀರಿಗೆ ಇಳಿಸಬಾರದು. ಗಿರಾಕಿಗೆ ಕೊಡುವ ದಿನ ಮತ್ತೆ ಗಟ್ಟಿ ಕಪ್ಪು ದಾರ ಹಾಕುವುದು. ಈ ಗುರುತು ನನಗೊಬ್ಬನಿಗೇ ಗೊತ್ತು. ಬೇರೆ ಯಾರಿಗೂ ಹೇಳುವ ಪ್ರಮೇಯ ಬಂದಿರಲಿಲ್ಲ.

ಅಣ್ಣನ ಹಲಗೆಯ ಮೂಗು ಹಿಂದಿನ ದಿನ ಒಡೆದಿತ್ತು. ಸರಿಮಾಡಿ ಕೆಂಪು ದಾರದಲ್ಲಿ ತೂಗುಹಾಕಿದ್ದೆ. ಆವತ್ತು ಬೆಳಗ್ಗೆ ಇನ್ನೊಬ್ಬರ ಹಲಗೆಗೆ ಅಂಟು ಹಚ್ಚುತ್ತಿದ್ದೆ. ಎರಡು ಡಬ್ಬದ ಅಂಟು ಬೆರೆಸಿದ ಮೇಲೆ ಎಂಟು ನಿಮಿಷ ಸಿಗುತ್ತದೆ, ಆಮೇಲೆ ಕಲ್ಲಾಗುತ್ತದೆ. ಅಣ್ಣ ಬಾಗಿಲಲ್ಲಿ ನಿಂತು "ಲೋ, ಹಲಗೆ ರೆಡಿನಾ? ತಗೊಂಡ್ ಹೋಗ್ಲಾ?" ಅಂದ. ಗೋಡೆಗೆ ಒರಗಿಸಿದ್ದ ಬಾಡಿಗೆ ಹಲಗೆಯನ್ನು ಕೇಳುತ್ತಿದ್ದಾನೆ ಅಂದುಕೊಂಡೆ. ತಲೆ ಎತ್ತಲಿಲ್ಲ. "ಹೂಂ, ತಗೊಂಡ್ ಹೋಗು" ಅಂದೆ. "ನೋಡ್ಕೊಂಡ್ ಹಚ್ಚೋ, ಮೂಗಿಗೆ ಅಂಟಿಸ್ಕೊಂಡ್ ಬಿಟ್ಟೀಯ" ಅಂತ ನಗುತ್ತಾ ಹೋದ. ನಗುತ್ತಿದ್ದ ಅತ್ತಿಗೆ. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಅವನು ಕಾಲಿನ ಪಟ್ಟಿಯನ್ನು ಮೂರು ಸಲ ಎಳೆದು ನೋಡಿರುತ್ತಾನೆ. ಬಾಲದ ದಾರ ನೋಡಿರುವುದಿಲ್ಲ. ಅದು ತಮ್ಮ ಕಟ್ಟಿದ್ದು.

ಹನ್ನೊಂದು ಗಂಟೆಗೆ ಹಲಗೆ ಒಂದೇ ದಡಕ್ಕೆ ಬಂತು. ಆವತ್ತು ಒಳಗೆ ಸೆಳೆತ ಇತ್ತು. ಹಲಗೆ ಇದ್ದಿದ್ದರೆ ಹಿಡಿದುಕೊಂಡು ತೇಲಿರುತ್ತಿದ್ದ. ಆಮೇಲೆ ಅವನು ಸಿಕ್ಕಿದ. ಹಗ್ಗ ಕಾಲಲ್ಲೇ ಇತ್ತು, ತುದಿಯಲ್ಲಿ ಕಿತ್ತ ಕೆಂಪು ದಾರ. ಜನ ಓಡಿ ಬರುವಷ್ಟರಲ್ಲಿ ಬಿಚ್ಚಿ ಅಂಗಿಯೊಳಗೆ ಹಾಕಿಕೊಂಡೆ. ಯಾರೋ ಕೇಳಿದರು, ಹಗ್ಗ ಕಟ್ಟಿರಲಿಲ್ಲ ಅಂದೆ. ಒಬ್ಬರಿಗೆ ಹೇಳಿದ ಮೇಲೆ ಎಲ್ಲರಿಗೂ ಅದನ್ನೇ ಹೇಳಬೇಕಾಯಿತು. ನಿಮಗೂ.

ಹಗ್ಗ ಇದರ ಜೊತೆ ಕಳಿಸುತ್ತಿದ್ದೇನೆ. ನೋಡಿದರೆ ನಿಮಗೆ ಗೊತ್ತಾಗುತ್ತದೆ.

ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹದಿನೈದನೇ ತಾರೀಕು ಎರಡು ಗಂಟೆಗೆ ಬಸ್ ನಿಲ್ದಾಣದಲ್ಲಿರುತ್ತೇನೆ. ನೀವು ಇಳಿಯದಿದ್ದರೂ ಇರುತ್ತೇನೆ.

ಪಾಪು

*

ಡಿಸೆಂಬರ್ 14, ಸಂಜೆ ಏಳೂವರೆ

ಪಾಪು,

ಇವತ್ತು ತೊಂಬತ್ತೆರಡು ಬ್ಯಾಗು. ಮೇಸ್ತ್ರಿ "ಕೈ ನಿಧಾನವಾಗ್ತಿದೆಯಲ್ಲಮ್ಮ" ಅಂದರು. ಹೌದು ಅಂದೆ.

ಕಾಗದ ಬಂದು ಐದು ದಿನವಾಯಿತು. ಹಗ್ಗವನ್ನು ಕಾರ್ಖಾನೆಯ ಕಿಟಕಿಯ ಬೆಳಕಿನಲ್ಲಿ ನೋಡಿದೆ. ದಾರದ ಎಳೆಗಳು ಒಂದೊಂದು ಉದ್ದಕ್ಕೆ ಕಿತ್ತಿವೆ. ಭಾರಕ್ಕೆ ಹೋದದ್ದು, ಕೈ ಬಿಚ್ಚಿದ್ದಲ್ಲ. ನೀನು ಬರೆದದ್ದು ನಿಜ.

ಸಮಾಧಾನವಾಗಬೇಕಿತ್ತು. ಎರಡು ದಿನ ಅದಕ್ಕೇ ಕಾದೆ. ಅವರು ನನ್ನ ಮಾತಿಗೆ ಹೋಗಲಿಲ್ಲ ಅಂತ ಗೊತ್ತಾಯಿತು. ಆದರೆ ಆ ಮಾತು ಕೇಳಿಸಿಕೊಂಡೇ ಹೋದರು. ಅದನ್ನು ಯಾವ ಹಗ್ಗವೂ ಬದಲಾಯಿಸುವುದಿಲ್ಲ.

ನೀನು ಕೊಂದೆ ಅಂತ ನಾನು ಹೇಳುವುದಿಲ್ಲ. ಎಂಟು ನಿಮಿಷದ ಅಂಟು ನನಗೆ ಅರ್ಥವಾಗುತ್ತದೆ. ಮೆಷಿನ್ ಓಡುವಾಗ ಪಕ್ಕದವಳು ಏನು ಕೇಳಿದರೂ ನಾನೂ ಹೂಂ ಅನ್ನುತ್ತೇನೆ. ಅರ್ಥವಾಗದಿರುವುದು ಆಮೇಲಿನ ಹನ್ನೊಂದು ತಿಂಗಳು. ಬಸ್ಸಿನ ಸಮಯ ಬರೆದೆ, ಸುಣ್ಣದ ವಾಸನೆ ಬರೆದೆ. ಕೆಂಪು ದಾರ ಅಂತ ಎರಡು ಶಬ್ದ ಬರೆಯಲು ನಿನಗೆ ಆಗಲಿಲ್ಲ. ಈ ಮನೆಯಲ್ಲಿ ನಾನು ಗಂಡನನ್ನು ಸಾಯಿಸಿದವಳಾಗಿ ಅನ್ನ ಬಡಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ.

ನಿನ್ನೆ ಸಂಜೆ ಕಾಗದವನ್ನು ಅತ್ತೆಯ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ನಾನು ಒಲೆಯ ಹತ್ತಿರ ನಿಂತಿದ್ದೆ. ಈಗ ಏನಾದರೂ ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಏನು ಅನ್ನಬೇಕು ಅಂತ ನಾನು ನಾಲ್ಕು ದಿನದಿಂದ ಮನಸ್ಸಿನಲ್ಲೇ ಅವರ ಪರವಾಗಿ ಬರೆದುಕೊಂಡಿದ್ದೆ. ತಪ್ಪು ತಿಳಿದೆ ಕಣೇ ಅನ್ನುವುದು ಬೇಡ. ಬರೀ ಕೂತ್ಕೋ ಅಂದರೂ ಸಾಕಿತ್ತು.

ಅತ್ತೆ ಕನ್ನಡಕ ತೆಗೆದರು. ನನ್ನ ಮುಖ ನೋಡಿದರು, ಹನ್ನೊಂದು ತಿಂಗಳಾದ ಮೇಲೆ.

"ಪಾಪು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾನೋ ಇಲ್ವೋ" ಅಂದರು.

"ಗೊತ್ತಿಲ್ಲ ಅತ್ತೆ" ಅಂದೆ.

"ಒಬ್ಬನೇ ಇಷ್ಟನ್ನೆಲ್ಲ ಹೊತ್ಕೊಂಡು ಕೂತಿದಾನೆ. ನಾಳಿದ್ದಿನ ಬಸ್ಸಿಗೆ ನಿನ್ನ ಹತ್ರ ಟಿಕೆಟ್ ಇದೆಯಲ್ಲ, ಅದನ್ನ ನಂಗೆ ಕೊಡು" ಅಂದರು.

ಟಿಕೆಟ್ ವಿಷಯ ಅವರಿಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತೋ ಏನೋ. ಕೊಟ್ಟೆ.

ಇವತ್ತು ನಾನು ಬರುವಷ್ಟರಲ್ಲಿ ಅವರ ಚೀಲ ಬಾಗಿಲ ಹತ್ತಿರ ಬಂದಿತ್ತು. ಎರಡು ಸೀರೆ ಅಲ್ಲ, ಆರು ಸೀರೆ ಇಟ್ಟುಕೊಂಡಿದ್ದಾರೆ. ಯಾವಾಗ ಬರುತ್ತೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ, ಕಿಟಕಿಯ ಪಕ್ಕದ ಸೀಟೇ ಇದೆ. ರಕ್ತದೊತ್ತಡದ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು. ರಾತ್ರಿಯದನ್ನು ಮರೆಯುತ್ತಾರೆ, ನೀನು ಎತ್ತಿ ಕೊಡಬೇಕು. ನೀನು ನಿನ್ನ ಬಾಯಿಂದ ಅವರಿಗೆ ಒಂದು ಸಲ ಹೇಳು. ಅದನ್ನು ಕಾಗದದ ಮೇಲೆ ಬಿಡಬೇಡ.

ವಸತಿಗೃಹದ ಯಜಮಾನಿಗೆ ಎರಡೂ ಕೋಣೆ ಬೇಡ ಅಂತ ಹೇಳಿಬಿಡು. ಆ ಮೂರು ಊರಿಗೆ ನಾನು ಬರುವುದಿಲ್ಲ, ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಒಬ್ಬಳೇ ಹೋಗುತ್ತೇನೆ ಅಂತ ಬರೆದಿದ್ದೆ. ಆಗ ನನಗೆ ಕೇಳಬೇಕಾದ್ದು ಒಂದಿತ್ತು, ಅದಕ್ಕೆ ಕಾಲಲ್ಲಿ ಬಲ ಇತ್ತು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಅತ್ತೆಯ ಕೈಯಲ್ಲಿ ಕೊಡುತ್ತೇನೆ. ಅಂಟಿಸುವುದೂ ಇಲ್ಲ, ಬೇಕಾದರೆ ದಾರಿಯಲ್ಲಿ ಓದಿಕೊಳ್ಳಲಿ. ಇನ್ನು ನೀನು ಕಾರ್ಖಾನೆಯ ವಿಳಾಸಕ್ಕೆ ಬರೆಯಬೇಡ.

ನನ್ನ ರಜೆ ಚೀಟಿ ವಾಪಸ್ ಪಡೆದೆ. ನಾಳೆ ಆರೂ ಹತ್ತಕ್ಕೆ ಅವರ ಬಸ್ಸು, ಎಂಟಕ್ಕೆ ನನ್ನ ಪಾಳಿ.

ಅತ್ತಿಗೆ